ಅರ್ಧ ಬೆರಳು ಕಡಿಮೆ

ಹದಿನೆಂಟನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಗುಬ್ಬಿಗೆ,

ಅಣ್ಣನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನ ಅತ್ತಿಗೆ ಕ್ಷೇಮ. ನನ್ನ ವಿಷಯ ಮುಂದೆ ಓದು. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಮೂರು ಸಲ ಕುಳಿತೆ. ಮೂರು ಸಲವೂ ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಎದ್ದೆ. "ಕಾಗದ ಬರೀತಿದ್ದೀರೋ, ಪೆನ್ನಿಗೆ ಗಾಳಿ ಕುಡಿಸ್ತಿದ್ದೀರೋ?" ಎಂದಳು ನಿನ್ನ ಅತ್ತಿಗೆ. ತಡವಾಯಿತೆಂದು ನೀನೂ ಬೈಯಬೇಡ. ಈಚೆಗೆ ಬೈಸಿಕೊಂಡದ್ದು ಬೇಕಾದಷ್ಟಿದೆ.

ಭಾವನಿಗೆ ಹೊಸ ಕಚೇರಿ ಒಗ್ಗಿತೆಂದು ಬರೆದಿದ್ದೀಯ, ಸಂತೋಷ. ನಿನ್ನ ಸೊಂಟನೋವು ಹೊಸ ಮನೆಯ ಮೆಟ್ಟಿಲುಗಳ ಕೃಪೆ ಎಂದು ತಮಾಷೆ ಮಾಡಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾವು ಮರದ ಕಾಲು ಮಾಡುವ ಕಾರ್ಖಾನೆಯೊಳಗೆ ನೀನು ಬಂದವಳೇ ಅಲ್ಲ. ನಿನ್ನ ಕಾಲನ್ನು ನಾನು ಮನೆಯ ಅಡುಗೆಕೋಣೆಯಲ್ಲೇ ಅಳೆದು, ಮನೆಗೇ ತಂದು ತೊಡಿಸಿದೆ. ಹಾಗಾಗಿ ಅಲ್ಲಿಯ ಒಂದು ಪದ್ಧತಿ ನಿನಗೆ ಗೊತ್ತಿಲ್ಲ. ಅಲ್ಲೊಂದು ಉದ್ದನೆಯ ಕೋಣೆಯಿದೆ, ಸಿಮೆಂಟಿನ ನೆಲ, ನಡುವೆ ದಪ್ಪ ಪರದೆ. ಹೊಸ ಕಾಲು ತೊಟ್ಟವರು ಪರದೆಯ ಆ ಕಡೆ ಇಪ್ಪತ್ತು ಹೆಜ್ಜೆ ಹೋಗಿ, ಇಪ್ಪತ್ತು ಹೆಜ್ಜೆ ಬರಬೇಕು. ಈ ಕಡೆ ಬೆಂಚಿನ ಮೇಲೆ ಹಿರಿಯ ಕೆಲಸಗಾರರು ಕಣ್ಣು ಮುಚ್ಚಿ ಕೇಳುತ್ತಾರೆ. ನೋಡುವವರಿದ್ದರೆ ಕುಂಟುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರಂತೆ. ಕಣ್ಣಿಗೆ ಮೋಸ ಮಾಡಬಹುದು, ಕಿವಿಗಲ್ಲ ಎನ್ನುವುದು ನಮ್ಮ ಮೇಸ್ತ್ರಿಯ ಮಾತು. ಕಾಲು ಮಾಡಿದವನು ಗೋಡೆಗೆ ಬೆನ್ನು ಕೊಟ್ಟು ನಿಂತಿರಬೇಕು. ಅವರು ಏನೇ ಅಂದರೂ ಅವತ್ತು ಎದುರಾಡುವಂತಿಲ್ಲ. ಹೇಳುವುದಿದ್ದರೆ ಮರುದಿನ.

ಬೆಂಚಿನ ಮೇಲೆ ನಾಲ್ವರು. ಬಾಗಿಲು ಕಿಟಕಿ ಮಾಡಿಕೊಂಡಿದ್ದ ಬಡಗಿಯಾದ ನನ್ನನ್ನು ಇಪ್ಪತ್ತೆರಡು ವರ್ಷದ ಹಿಂದೆ ಕರೆತಂದು ಕೈಹಿಡಿದು ಕಲಿಸಿದ ಮೇಸ್ತ್ರಿ. ಚರ್ಮದ ಪಟ್ಟಿ ಹೊಲಿಯುವ ಪಟ್ಟಿಯಕ್ಕ. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತನ್ನ ಬೆರಳ ಗೆರೆಗಳನ್ನೇ ಅಳಿಸಿಕೊಂಡ ಉಜ್ಜಣ್ಣ. ನಾಲ್ಕನೆಯವನು ನಾನು, ಒಂಬತ್ತು ವರ್ಷದಿಂದ. ಈ ಮೂವರ ಪಕ್ಕ ಕೂತುಕೊಳ್ಳುವುದೇ ನನಗೊಂದು ಪದವಿಯಾಗಿತ್ತು ಕಣೇ.

ಇನ್ನೊಬ್ಬನಿದ್ದ, ಅಳತೆಯಜ್ಜ. ಎಲ್ಲರ ಅಳತೆ ತೆಗೆಯುವುದು ಅವನೊಬ್ಬನ ಕೆಲಸ. ಎಂಟು ತಿಂಗಳ ಹಿಂದೆ ಕಣ್ಣು ಮಬ್ಬಾಗಿ ಮನೆಗೆ ಹೋದ. ಅಲ್ಲಿಂದೀಚೆಗೆ ನಾವು ಮಾಡುವ ಕಾಲಿಗೆ ನಾವೇ ಅಳತೆ ತೆಗೆಯುತ್ತೇವೆ.

ಕಳೆದ ತಿಂಗಳು ಒಬ್ಬ ಟೀಚರಮ್ಮ ಬಂದಳು. ದಿನವಿಡೀ ಬೋರ್ಡಿನ ಮುಂದೆ ನಿಲ್ಲಬೇಕಾದವಳು. ನನ್ನ ಪಾಲಿಗೇ ಬಂದಳು. ಕಾಲು ಮಾಡಿದೆ. ಅವಳು ಪರದೆಯಾಚೆ ನಡೆದಳು. ಟಕ್-ಧಪ್, ಟಕ್-ಧಪ್. ನನ್ನ ಕಿವಿಗೆ ಹಿತವಾಗಿಯೇ ಕೇಳಿಸಿತು. ಹೊಗಳಿಕೆ ಬರುತ್ತದೆಂದು ಮುಖಕ್ಕೆ ಆಗಲೇ ವಿನಯ ಹಚ್ಚಿಕೊಂಡು ನಿಂತಿದ್ದೆ.

"ಎರಡು ಹೆಜ್ಜೆಗೆ ಒಂದು ಗುಂಡಿ. ನಡೀತಿದ್ದಾರೋ, ಬೀಳ್ತಿದ್ದಾರೋ?" ಎಂದ ಉಜ್ಜಣ್ಣ.

"ಯಾರ ಕೈಕೆಲಸಾನಪ್ಪ ಇದು? ಹೊಸಬರು ಯಾರಾದ್ರೂ ಸೇರಿದ್ರಾ?" ಎಂದಳು ಪಟ್ಟಿಯಕ್ಕ. ನಾನು ಮಾಡಿದ್ದೆಂದು ಅವಳಿಗೆ ಗೊತ್ತಿತ್ತು.

ಮೇಸ್ತ್ರಿ ಕಣ್ಣು ತೆರೆಯಲಿಲ್ಲ. "ಇದು ಮನುಷ್ಯರ ಕಾಲಲ್ಲ ಕಣಯ್ಯ, ಮೇಜಿನ ಕಾಲು. ನೀನಿನ್ನೂ ಬಡಗೀನೇ. ಕೆಳಗೊಂದು ಕಾಗದ ಮಡಚಿ ಇಡು, ಅಲ್ಲಾಡೋದು ನಿಲ್ಲುತ್ತೆ."

ಮೂವರೂ ನಕ್ಕರು. ಪರದೆ ತಡೆಯುವುದು ನೋಟವನ್ನು, ಮಾತನ್ನಲ್ಲ. ಆ ಕಡೆ ಹೆಜ್ಜೆ ನಿಂತಿತು. ಹೋಗಿ ನೋಡಿದರೆ ಟೀಚರಮ್ಮ ನೆಲದ ಮೇಲೆ ಕೂತು ತಾನೇ ಪಟ್ಟಿ ಬಿಚ್ಚುತ್ತಿದ್ದಳು. ಕಾಲನ್ನು ನನ್ನ ಕೈಗೆ ಕೊಟ್ಟು, "ಮೇಜಿಗೇ ಹಾಕಿಕೊಳ್ಳಿ" ಎಂದಳು. ಊರುಗೋಲು ತೆಗೆದುಕೊಂಡು ಹೊರಟೇಹೋದಳು.

ಆ ರಾತ್ರಿಯೆಲ್ಲ ಉತ್ತರ ಕಟ್ಟಿದೆ. ಮರುದಿನ ಮೇಸ್ತ್ರಿಯ ಮುಂದೆ ನಿಂತು ಒಪ್ಪಿಸಿದೆ: ಇಪ್ಪತ್ತೆರಡು ವರ್ಷದ ದುಡಿಮೆ, ಇಷ್ಟೊಂದು ಜನಕ್ಕೆ ಕಾಲು, ಪರರ ಮುಂದೆ ಈ ಅವಮಾನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದೂ ಸೇರಿಸಿದೆ. ಅವರು ಟೀ ಮುಗಿಸಿ, ಲೋಟ ಕೆಳಗಿಟ್ಟು, "ಆಯ್ತಾ? ಈಗ ಆಯಮ್ಮನ ಅಳತೆ ಹೆಂಗೆ ತಗೊಂಡೆ, ತೋರಿಸು" ಎಂದರು. ಒಂದು ಕಾಲು ಮಡಚಿ, ಒಂಟಿಕಾಲಿನಲ್ಲಿ ನಿಂತರು. ಎಪ್ಪತ್ತರ ಮುದುಕ! ಎಲ್ಲಿ ಬೀಳುತ್ತಾರೋ ಎಂದು ಓಡಿಹೋಗಿ ಹೆಗಲು ಕೊಟ್ಟು, "ಹಿಡ್ಕೊಳ್ಳಿ" ಎಂದೆ.

"ಅಲ್ಲೇ ನಿಲ್ಲು. ಅದೇ ನೋಡು ನಿನ್ನ ತಪ್ಪು," ಎಂದರು. "ನೀನು ಹೆಗಲು ಕೊಟ್ಟೆ, ನಾನು ಒರಗಿದೆ. ಒರಗಿದ ಕಡೆ ಸೊಂಟ ಇಳೀತು. ಇಳಿದ ಸೊಂಟದಿಂದ ನೆಲಕ್ಕೆ ಅಳೆದ್ರೆ ಎಷ್ಟು ಸಿಗುತ್ತೆ? ಅರ್ಧ ಬೆರಳು ಕಡಿಮೆ. ಅಳತೆಯಜ್ಜ ಯಾರಿಗೂ ಹೆಗಲು ಕೊಟ್ಟೋನಲ್ಲ. ಎರಡೂ ಕಡೆ ಕಂಬಿ ಹಿಡಿಸಿ, ತಾನು ದೂರ ನಿಲ್ತಿದ್ದ. ಕಲ್ಲು ಮನುಷ್ಯ ಅಂತ ಜನ ಅವನನ್ನ ಬೈಕೊಂಡು ಹೋಗ್ತಿದ್ರು. ಆದ್ರೆ ನೆಟ್ಟಗೆ ನಡ್ಕೊಂಡು ಹೋಗ್ತಿದ್ರು."

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಈ ಎಂಟು ತಿಂಗಳಲ್ಲಿ ನಾನು ಅಳೆದು ಮಾಡಿದ ಕಾಲುಗಳಲ್ಲಿ ಮೂರು ವಾಪಸು ಬಂದಿದ್ದವಂತೆ. ನನಗೆ ತಿಳಿಯದ ಹಾಗೆ ಉಜ್ಜಣ್ಣನೂ ಮೇಸ್ತ್ರಿಯೂ ಹಿಮ್ಮಡಿಗೆ ಚರ್ಮ ಕೊಟ್ಟು ಸರಿಮಾಡಿ ಕಳಿಸಿದ್ದರಂತೆ.

"ನನಗ್ಯಾಕೆ ಹೇಳಲಿಲ್ಲ?"

"ಬೆಂಚಿನ ಮೇಲೇ ಕೇಳಿಸಿತ್ತು. ನೀನು ನೊಂದ್ಕೋತೀಯ ಅಂತ ಸುಮ್ಮನಿದ್ವಿ. ಅದು ನಮ್ಮ ತಪ್ಪು. ಮೊದಲನೇದಕ್ಕೇ ಬೈದಿದ್ರೆ ಟೀಚರಮ್ಮ ಎದ್ದು ಹೋಗ್ತಿರಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದರು: "ಕೈ ತಪ್ಪಿದ್ದು ಹೋಗ್ಲಿ, ನಿನ್ನ ಕಿವಿಗೇನಾಗಿತ್ತು? ಬೇರೆಯವರದ್ದು ಕೂದಲೆಳೆ ತಪ್ಪಿದ್ರೂ ಹಿಡೀತಿದ್ದೆ. ನಿಂದು ಗುಡುಗಿದ್ರೂ ಕೇಳಲಿಲ್ವಲ್ಲ."

ನಾನು ಉಳಿ ಕೆಳಗಿಟ್ಟು ಮನೆಗೆ ಬಂದೆ.

ಗುಬ್ಬಿ, ಪರರು ಬೈದರೆ ಮನೆಗೆ ಬಂದು ಅವರನ್ನು ಬೈದು ಹಗುರಾಗಬಹುದು. ದೇವರ ಸಮ ಎಂದುಕೊಂಡವರು ಬೈದರೆ ಬೈಯಲು ಯಾರೂ ಉಳಿದಿರುವುದಿಲ್ಲ. ಹತ್ತು ದಿನ ಕೆಲಸಕ್ಕೆ ಹೋಗಲಿಲ್ಲ. ನಮ್ಮಜ್ಜಿ ಹೇಳುತ್ತಿದ್ದ ಕುಂಬಾರನ ಕಥೆ ನೆನಪಾಗುತ್ತಿತ್ತು. ಅವನು ತನ್ನ ಮಡಕೆಗಳನ್ನು ತಾನೇ ತಟ್ಟಿ ನೋಡುತ್ತಿದ್ದನಂತೆ. ತಟ್ಟಿದ್ದೆಲ್ಲ ಠಣ್ ಎನ್ನುತ್ತಿತ್ತಂತೆ. ಕೊಂಡವರ ಮನೆಯಲ್ಲಿ ಮಾತ್ರ ಒಂದೊಂದೂ ಸೋರುತ್ತಿತ್ತಂತೆ. ಕಡೆಗೆ ಅವನ ಹೆಂಡತಿ ಹೇಳಿದಳಂತೆ, "ಅಯ್ಯೋ ಮಂಕೆ, ಠಣ್ ಅಂತಿರೋದು ಮಡಕೆಯಲ್ಲ, ನಿನ್ನ ಬೆರಳಿನ ಉಂಗುರ." ಚಿಕ್ಕಂದಿನಲ್ಲಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈ ಸಲ ನಗು ಬರಲಿಲ್ಲ.

ಹನ್ನೊಂದನೇ ದಿನ ಟೀಚರಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳು ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದಲೇ, "ಬೇರೆಯವರು ಅಳತೆ ತಗೊಂಡ್ರೆ ಬರ್ತೀನಿ" ಎಂದಳು. ಬಂದಳು. ಮೇಸ್ತ್ರಿ ದೂರ ನಿಂತು ಅಳೆದರು, ಉಜ್ಜಣ್ಣ ಮಾಡಿದ. ಮೊನ್ನೆ ಪರದೆಯಾಚೆ ನಡೆದಳು. ಟಕ್-ಟಕ್, ಟಕ್-ಟಕ್. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಹೋಗುವಾಗ ಎಲ್ಲರಿಗೂ ಕೈಮುಗಿದಳು. ನನ್ನ ಕಡೆ ತಿರುಗಲಿಲ್ಲ.

ಬೆಂಚಿನ ಜಾಗವನ್ನು ನಾನೇ ಬಿಟ್ಟೆ. ಬಿಡಬೇಡ ಎಂದು ಯಾರೂ ಒತ್ತಾಯಿಸಲಿಲ್ಲ. ಈಗ ಪಟ್ಟಿಯಕ್ಕನ ಪಕ್ಕ ಕೂತು ಚರ್ಮ ಹೊಲಿಯುತ್ತೇನೆ. ಮೊದಲ ದಿನ ಅವಳು ನನ್ನ ಮುಖ ನೋಡಿ, "ಬಾ ತಮ್ಮಾ, ಸೂಜಿಗೆ ದಾರ ಪೋಣಿಸು. ಅಳೋದಿದ್ರೆ ಆ ಕಡೆ ತಿರುಗಿ ಅಳು, ಚರ್ಮ ನೆಂದ್ರೆ ಸೆಟೆದುಕೊಳ್ಳುತ್ತೆ" ಎಂದಳು. ಕಾರ್ಖಾನೆಯಲ್ಲಿ ಈವರೆಗೆ ನನಗೆ ಸಿಕ್ಕ ಸಮಾಧಾನ ಅಷ್ಟೇ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅತ್ತಿಗೆ ನಿನ್ನನ್ನು ದಿನಾ ನೆನೆಯುತ್ತಾಳೆ. ನಿನ್ನ ಮನೆ ತಂಪಾಗಿರಲಿ, ನಿನ್ನ ನೆರಳಿಗೂ ನೋವು ತಾಗದಿರಲಿ.

ಇಂತಿ,
ನಿನ್ನ ಅಣ್ಣ

ಮರೆತ ಮಾತು ಎಂದು ಬರೆದರೆ ಸುಳ್ಳಾದೀತು. ಈ ಕಾಗದ ಬರೆದದ್ದೇ ಇದಕ್ಕೆ.

ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಿದೆ. ನನ್ನ ಕಿವಿ ಕೆಟ್ಟಿರಲಿಲ್ಲ. ಟಕ್-ಧಪ್ ಎಂದರೆ ಹನ್ನೊಂದು ವರ್ಷದಿಂದ ನನಗೆ ನೀನು ಬಂದೆ ಎಂದು ಅರ್ಥ. ಹೊರಬಾಗಿಲಲ್ಲಿ ಆ ಸದ್ದಾದರೆ ಅತ್ತಿಗೆಗೆ ಕೂಗಿ ಹೇಳುತ್ತಿದ್ದೆ, "ಗುಬ್ಬಿ ಬಂದ್ಲು, ಟೀಗೆ ಇಡು." ಅದು ನಿನ್ನ ನಡಿಗೆ ಎಂದುಕೊಂಡಿದ್ದೆ. ಅದು ನನ್ನ ತಪ್ಪಿನ ಸದ್ದು.

ಅಳತೆಯಜ್ಜ ಕಲ್ಲು, ಅವನ ಕೈಗೆ ನನ್ನ ತಂಗಿಯನ್ನು ಕೊಡಲಾರೆ ಎಂದು ನಿನ್ನನ್ನು ನಾನೇ ಅಳೆದೆ. ಮನೆಮಗಳಿಗೆ ಪರದೆ ಯಾಕೆ ಎಂದು ಬೆಂಚಿನವರ ಮುಂದೆ ನಡೆಸಲೂ ಇಲ್ಲ. ಅವತ್ತು ನೀನು ನನ್ನ ಹೆಗಲನ್ನು ಎರಡೂ ಕೈಯಲ್ಲಿ ತಬ್ಬಿ ಅಳುತ್ತಿದ್ದೆ. ಪೂರ್ತಿ ಒರಗಿದ್ದೆ. ಆಮೇಲೆ ಎರಡು ಸಲ ಹೊಸ ಕಾಲು ಮಾಡಿದರೂ ಅಳತೆ ಅದೇ ಹಳೆಯ ಚೀಟಿಯದು. ಪ್ರತಿಸಲ ಕೇಳಿದೆ, "ಹೇಗಿದೆ?" ಪ್ರತಿಸಲ ನೀನು, "ಚೆನ್ನಾಗಿದೆ ಅಣ್ಣ." ನಿನಗಿನ್ನೂ ಮೂವತ್ತು. ಆ ಸೊಂಟನೋವು ಮೆಟ್ಟಿಲಿನದಲ್ಲ.

ಒಂದು ಕೆಲಸ ಮಾಡು. ಯಾರನ್ನೂ ಹಿಡಿದುಕೊಳ್ಳದೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲು. ಭಾವ ನಿನ್ನನ್ನು ಮುಟ್ಟಕೂಡದು. ಸೊಂಟ ಎರಡೂ ಕಡೆ ಸಮವಾಗುವ ತನಕ ನಾನು ಮಾಡಿದ ಕಾಲಿನ ಕೆಳಗೆ ಕಾಗದದ ಹಾಳೆಗಳನ್ನು ಒಂದೊಂದಾಗಿ ಇಡುತ್ತಾ ಹೋಗಲಿ.

ಎಷ್ಟು ಹಾಳೆ ಬೇಕಾಯಿತು ಎಂದು ಬರೆ. ಚೆನ್ನಾಗಿದೆ ಎಂದು ಮಾತ್ರ ಬರೆಯಬೇಡ.