ಡಿಬೋರಜ್ಜಿ, ನನ್ನನ್ನು ಬೈಯಿ

ಡಾಕರ್, ಗ್ರಾಂಡ್ ಯೋಫ್
ಮಂಗಳವಾರ, ಮಧ್ಯಾಹ್ನದ ನಮಾಜಿನ ನಂತರ

ಬೇವಿನ ಮರದಡಿ ಚಾಪೆ ಹಾಸಿ ಕೂತ ಮಹಾಜನರೇ, ಚಹಾದ ಮೊದಲ ಸುತ್ತಿಗೆ ನಾಲಿಗೆ ಸುಟ್ಟುಕೊಂಡವರೇ, ಮೂರನೆಯ ಸುತ್ತು ಬರುವವರೆಗೂ ಮನೆಯ ನೆನಪಾಗದವರೇ, ಗೋಡೆಯಾಚೆ ಬಟ್ಟೆ ಹಿಂಡುವ ನೆಪದಲ್ಲಿ ಕಿವಿಯನ್ನು ಈಚೆಗೆ ಕಳಿಸಿದವರೇ, ನಿಮಗೆಲ್ಲ ಮಲಾಂಗ್ ಸಾಂಬು ತಲೆಬಾಗಿ ಮಾಡುವ ವಂದನೆ. ಪತ್ರ ಡಿಬೋರಜ್ಜಿಗೆ. ಆದರೆ ಅಜ್ಜಿಗೆ ಓದು ಬಾರದು, ಸೊಸೆ ಸಿಗಾ ಓದಿ ಹೇಳುತ್ತಾಳೆ, ಸಿಗಾ ಬಾಯಿ ತೆರೆದರೆ ಇಡೀ ಕೇರಿಗೆ ಕೇಳುತ್ತದೆ. ಕೇಳಲಿ ಎಂದೇ ಬರೆದಿದ್ದೇನೆ. ಅವಮಾನವನ್ನು ಕ್ರೀಡಾಂಗಣದ ತುಂಬ ಜನರೆದುರು ಮಾಡಿ ಕ್ಷಮೆಯನ್ನು ಕಿವಿಯಲ್ಲಿ ಕೇಳಿದರೆ ಅದು ಎರಡನೆಯ ಅವಮಾನ. ಸಿಗಾ, ಗಂಟಲು ಬಿಚ್ಚಿ ಓದು.

ಪ್ರೀತಿಯ ಅಜ್ಜೀ,

ನಮ್ಮಪ್ಪ ಕೇರಿಯ ನಾಟಕ ತಂಡದಲ್ಲಿ ರಾಜನ ಪಾತ್ರ ಮಾಡುತ್ತಿದ್ದವನೆಂದು ನಿನಗೆ ಗೊತ್ತು. ತಗಡಿನ ಕಿರೀಟ ಇಟ್ಟು ಅವನು ಗುಡುಗುತ್ತಿದ್ದರೆ ನಾನು ಪರದೆಯ ಹಿಂದೆ ಮಲಗಿ ಬೆಳೆದೆ. ಹಾಗಾಗಿ ಮೆತ್ತಗೆ ಮಾತಾಡಲು ನನಗೆ ಬಾರದು. ನಾಚಿಕೆಪಡುವುದಾದರೂ ಮೆತ್ತಗೆ ಬಂದೀತೆಂದುಕೊಂಡಿದ್ದೆ. ಅದೂ ಬರಲಿಲ್ಲ. ಮೂರು ದಿನದಿಂದ ಎದೆಯೊಳಗೆ ಡೋಲು ಬಡಿಯುತ್ತಿದೆ.

ನೀನು ಸಜ್ಜೆ ಉಣ್ಣುವ ಸೆರೇರ್ ಕುಲದವಳು, ನಾನು ಅನ್ನ ಉಣ್ಣುವ ಜೋಲಾ ಕುಲದವನು. ಒಂದೇ ದೋಣಿ ಹತ್ತಿದ ಅಕ್ಕತಂಗಿಯರು, ಬಿರುಗಾಳಿಗೆ ದೋಣಿ ಸೀಳಿ ಒಬ್ಬಳು ಉತ್ತರಕ್ಕೂ ಇನ್ನೊಬ್ಬಳು ದಕ್ಷಿಣಕ್ಕೂ ತೇಲಿದರು. ಒಬ್ಬಳ ಸಂತಾನ ನೀವು, ಇನ್ನೊಬ್ಬಳ ಸಂತಾನ ನಾವು. ಯಾರು ಅಕ್ಕ, ಯಾರು ತಂಗಿ ಎಂಬ ಜಗಳ ಇಂದಿಗೂ ತೀರಿಲ್ಲ. ಅದಕ್ಕೇ ನೀನು ನನ್ನನ್ನು ಜೀತದಾಳು ಎನ್ನಬಹುದು, ನಾನು ನಿನ್ನನ್ನು ಅನ್ನಬಹುದು. ಸಿಟ್ಟು ಮಾಡುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ. ನಮ್ಮದು ನಗೆನಂಟು. ರಕ್ತದ ನಂಟಿನಲ್ಲಿ ಮುನಿಸಿಗೆ ಜಾಗವಿದೆ, ಇದರಲ್ಲಿ ಇಲ್ಲ.

ಈ ನಂಟೇ ನನ್ನ ಕೈಗೆ ಚೆಂಡು ಕೊಟ್ಟದ್ದು ಎಂದರೆ ಯಾರೂ ನಂಬರು. ಗ್ಯಾರೇಜಿನ ಹಿಂದಿನ ಮರಳಂಗಳ, ಲಾರಿ ಚಕ್ರದ ಕಬ್ಬಿಣ ಬಗ್ಗಿಸಿ ಕಂಬಕ್ಕೆ ಕಟ್ಟಿದ ಬಾಸ್ಕೆಟ್‌ಬಾಲ್ ಬುಟ್ಟಿ, ಅದರ ಬುಡದಲ್ಲಿ ಕಡಲೆಕಾಯಿ ಹುರಿಯುತ್ತ ನೀನು. ಬಾಗಿಲಿಗೆಲ್ಲ ಹಣೆ ಬಡಿದುಕೊಳ್ಳುವ ಹುಡುಗ ನಾನು, ಎತ್ತರಕ್ಕೆ ನಾಚಿ ಗೂನು ಹಾಕಿ ನಡೆಯುತ್ತಿದ್ದೆ. ನೀನು ಕರೆದೆ. “ಲೋ ಅನ್ನದ ಮೂಟೆ, ಬಾ ಇಲ್ಲಿ. ನನ್ನ ಆಳು ಬಗ್ಗಿ ನಡೆದ್ರೆ ಊಟ ಹಾಕದ ಒಡತಿ ಅಂತ ನನ್ನನ್ನ ಆಡ್ಕೋತಾರೆ. ನೆಟ್ಟಗೆ ನಿಂತು ಆ ಚೆಂಡು ಹಾಕು ಅದರೊಳಗೆ.” ಹಾಕಿದೆ. ಬೀಳಲಿಲ್ಲ. “ಏಣಿ ಇದ್ದಂಗಿದೀಯ, ಆದ್ರೆ ಮೆಟ್ಟಿಲೇ ಇಲ್ಲ,” ಎಂದೆ ನೀನು. ನಾನೂ ಬಿಡಲಿಲ್ಲ. “ಸಜ್ಜೆ ಮುಕ್ಕೋಳೇ, ನಿನ್ನ ಕಡಲೆಕಾಯಿಗಿಂತ ನಿನ್ನ ಬಾಯೇ ಹೆಚ್ಚು ಹುರಿದಿದೆ.” ನೀನು ನಕ್ಕ ರಭಸಕ್ಕೆ ಬಾಣಲೆ ಮಗುಚಿತು. ಅಂದಿನಿಂದ ನಾನು ನೆಟ್ಟಗೆ ನಡೆದೆ.

ಆಮೇಲೆ ಲೋಕ ಸುತ್ತಿದೆ. ಕಾಸಾಬ್ಲಾಂಕಾ, ಲುಆಂಡಾ, ಫ್ರಾನ್ಸಿನ ಹಿಮ ಸುರಿಯುವ ಯಾವುದೋ ಪಟ್ಟಣ, ಕೊನೆಗೆ ಬೈರೂತ್. ಬೇಸಿಗೆಗೆ ಬಂದು ದೇಶದ ಅಂಗಿ ತೊಟ್ಟು, ಸಿಂಹಗಳೆಂದು ಕರೆಸಿಕೊಳ್ಳುವ ನಮ್ಮ ರಾಷ್ಟ್ರತಂಡದ ಜೊತೆ ಆಡುವುದು, ಮತ್ತೆ ಹೊರಡುವುದು. ಹೋದಲ್ಲೆಲ್ಲ ಬಾಗಿಲು ತೆರೆದರು, ಚೀಲ ಹೊತ್ತರು, ಸರ್ ಎಂದರು. ಬೈಯುವವರು ಇರಲಿಲ್ಲ. ಇಲ್ಲಿ ವಿಮಾನ ಇಳಿದು ಕೇರಿಗೆ ಬಂದರೆ ನಿನ್ನ ದನಿ ಮೂಲೆಯಿಂದಲೇ ಕೇಳಬೇಕು. “ಬಂದನಪ್ಪ ಓಡಿಹೋದ ಆಳು. ಹಿಡ್ಕೊಳ್ರೋ, ಎರಡು ವರ್ಷದ ಕಸ ಗುಡಿಸೋದು ಬಾಕಿ ಇದೆ.” ಅದು ಕೇಳಿದ ಮೇಲೆಯೇ ನನಗೆ ಊರು ಮುಟ್ಟಿದೆ ಎನಿಸುತ್ತಿತ್ತು.

ಈಗ ಶನಿವಾರದ ಅಂಕಕ್ಕೆ ಬರಬೇಕು. ಇದೋ, ಪರದೆ ಎಳೆಯುತ್ತೇನೆ.

ನನಗೀಗ ಮೂವತ್ತೆಂಟು. ಮೊಣಕಾಲು ಬೆಳಗ್ಗೆ ನನಗಿಂತ ತಡವಾಗಿ ಏಳುತ್ತದೆ. ಬೈರೂತಿನ ಕ್ಲಬ್ಬು ಇನ್ನೊಂದು ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನೋಡಲು ತನ್ನ ವ್ಯವಸ್ಥಾಪಕನನ್ನು ಕಳಿಸಿತ್ತು. ಬೂದು ಬಣ್ಣದ ಕೋಟಿನ ಆ ಮನುಷ್ಯ ಕ್ರೀಡಾಂಗಣದ ಮೂರನೆಯ ಸಾಲಿನಲ್ಲಿ ಕೂತಿದ್ದ. ಕೊನೆಯ ಘಟ್ಟ, ಅಂಕಗಳು ಸಮಸಮ, ನನಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರಬಾರದ ಎಸೆತ. ಪ್ರೇಕ್ಷಕರ ಡೋಲುಗಳು ನಿಂತವು. ಆ ಮೌನದೊಳಗೆ ನೀನು ಎದ್ದು ನಿಂತೆ. “ಏ ಮಲಾಂಗ್, ನನ್ನ ಜೀತದಾಳೇ! ಅನ್ನ ತಿಂದು ತಿಂದು ಕಾಲು ನೆಲ ಬಿಡ್ತಿಲ್ಲ. ಇದಾದ್ರೂ ನಿಂತಲ್ಲಿಂದ್ಲೇ ಹಾಕೋದು ಕಣೋ, ಹಾಕು. ಇಲ್ದಿದ್ರೆ ನಾಳೆ ಸಂತೇಲಿ ನಿನ್ನ ಮಾರ್ಬಿಡ್ತೀನಿ.”

ಇಡೀ ಅಂಗಣ ನಕ್ಕಿತು. ಎದುರಾಳಿಗಳೂ ನಕ್ಕರು. ಕೋಟಿನವನು ಪಕ್ಕದ ದುಭಾಷಿಯ ಕಡೆ ಬಗ್ಗಿ, ಮುದುಕಿ ಏನೆನ್ನುತ್ತಿದ್ದಾಳೆಂದು ಕೇಳಿದ. ಆಟಗಾರ ತನ್ನ ಗುಲಾಮನಂತೆ, ಕಾಲು ಮುಗಿದಿದೆಯಂತೆ ಎಂದು ದುಭಾಷಿ ಹೇಳಿದ. ಅವನ ಹುಬ್ಬು ಏರಿದ್ದು ನನಗೆ ಕಂಡಿತು. ಮೈಯೆಲ್ಲ ಉರಿದುಹೋಯಿತು. ಚೆಂಡು ಕಬ್ಬಿಣಕ್ಕೆ ಬಡಿದು ಆಚೆ ಹಾರಿತು. ಅಷ್ಟರಲ್ಲಿ ಕಾವಲುಗಾರರು ಬಂದು ನಿನ್ನನ್ನು ಹೊರಗೆ ಕರೆದೊಯ್ದರು.

ಎರಡನೆಯದನ್ನು ಹಾಕಿದೆ. ಒಂದು ಅಂಕದಿಂದ ಗೆದ್ದೆವು. ನೀನು ಹೋದ ಮೇಲೆ ಡೋಲಿನವರು ಕೋಲು ಮಡಿಲಲ್ಲಿಟ್ಟು ಕೂತಿದ್ದರು. ಗೆದ್ದ ಮೇಲೂ ಎತ್ತಲಿಲ್ಲ.

ಮರುದಿನ ನಿನ್ನ ಅಂಗಳಕ್ಕೆ ಬಂದೆ. ದಾರಿಯಲ್ಲಿ ಕ್ಷೌರಿಕ ಇಬು ಅಂಗಡಿಯಿಂದಲೇ ಗಿರಾಕಿಗೆ ಹೇಳಿದ, “ತಲೆ ಬಗ್ಗಿಸು, ನಗ್ಬೇಡ. ಮಲಾಂಗ್ ಬರ್ತಿದಾನೆ, ನಕ್ರೆ ಪೊಲೀಸ್ನ ಕರೀತಾನೆ.” ನೀನು ಬೈದು ಅಟ್ಟುತ್ತೀ, ಬಾಣಲೆ ಎಸೆಯುತ್ತೀ ಎಂದುಕೊಂಡು ಬಂದಿದ್ದೆ. ಎಸೆದಿದ್ದರೆ ಬದುಕುತ್ತಿದ್ದೆ. ನೀನು ಎದ್ದು ನಿಂತೆ. ಒಳಗಿನಿಂದ ಕುರ್ಚಿ ತರಿಸಿದೆ, ಸೆರಗಿನಿಂದ ಒರೆಸಿದೆ. “ಬನ್ನಿ ನಾಯಕರೇ, ಕೂತ್ಕೊಳ್ಳಿ. ಮನೇಲಿ ಎಲ್ಲ ಸೌಖ್ಯನಾ? ಪ್ರಯಾಣ ಸುಖವಾಗಿತ್ತಾ?” ಎಂದೆ. ಅತಿಥಿಗೆ ಕೊಡುವ ಗಾಜಿನ ಲೋಟದಲ್ಲಿ ನೀರು ಕೊಟ್ಟೆ. ಇಷ್ಟು ವರ್ಷ ನಿನ್ನ ಮನೆಯಲ್ಲಿ ಸೋರೆಬುರುಡೆಯಲ್ಲಿ ಕುಡಿದವನು ನಾನು, ಅದೂ ನೀನು ಅರ್ಧ ಕುಡಿದು ಉಳಿಸಿದ್ದು.  ಲೋಟವನ್ನು ತುಂಬಿದಂತೆಯೇ ಕೆಳಗಿಟ್ಟು ಎದ್ದುಹೋದೆ. ನೀನು ಬಾಗಿಲವರೆಗೆ ಬಂದು ಬೀಳ್ಕೊಟ್ಟೆ. ಹೆಣವನ್ನು ಹಾಗೆ ಬೀಳ್ಕೊಡುತ್ತಾರೆ.

ಹೆಣ ಎಂದಾಗ ಅಮ್ಮನ ನೆನಪಾಯಿತು. ಅಮ್ಮ ಹೋದ ದಿನ ನಾನು ಲುಆಂಡಾದಿಂದ ಓಡಿಬಂದೆ. ಮಣ್ಣು ಮಾಡಿ ಬಂದು ಗೋಡೆಗೆ ಒರಗಿ ಕಲ್ಲಾಗಿ ಕೂತಿದ್ದೆ. ಅಳು ಬರುತ್ತಿರಲಿಲ್ಲ. ಆಗ ನೀನು ಅಮ್ಮನ ಹಳದಿ ಲುಂಗಿ ಉಟ್ಟು, ಅವಳಂತೆಯೇ ಸೊಂಟಕ್ಕೆ ಕೈಯಿಟ್ಟು ಒಳಗಿನಿಂದ ಬಂದೆ. ಅವಳ ದನಿಯಲ್ಲೇ, “ಮಲಾಂಗ್, ಚಪ್ಪಲಿ ಹೊರಗೆ ಬಿಡು ಅಂತ ಎಷ್ಟು ಸಲ ಹೇಳ್ಲಿ? ಸತ್ತ ಮೇಲೂ ನಾನೇ ಗುಡಿಸ್ಬೇಕಾ?” ಎಂದೆ. ನಂಟರೆಲ್ಲ ಬಾಯಿಗೆ ಬಟ್ಟೆ ಒತ್ತಿಕೊಂಡರು. ನಾನು ನಕ್ಕೆ, ನಗುತ್ತ ನಗುತ್ತ ಅಳು ಒಡೆಯಿತು, ನಿನ್ನ ಮಡಿಲಲ್ಲಿ ಬಿದ್ದು ಅತ್ತೆ. ಸಾವಿನ ಮನೆಯಲ್ಲಿ ನಗಿಸುವ ಹಕ್ಕು ನಗೆನಂಟರಿಗಲ್ಲದೆ ಯಾರಿಗಿದೆ? ಆ ಹೊತ್ತು ನನ್ನನ್ನು ಮಣ್ಣಿನಿಂದ ಮೇಲೆತ್ತಿದವಳು ನೀನು.

ಇಷ್ಟು ಬರೆದ ಮೇಲೆ ಶನಿವಾರದ ಸಾಲು ಕಣ್ಣು ಚುಚ್ಚುತ್ತಿದೆ. ಕಾವಲುಗಾರರು ಬಂದು ಕರೆದೊಯ್ದರು ಎಂದು ಬರೆದೆನಲ್ಲ. ಅವರು ತಾವಾಗಿ ಬರಲಿಲ್ಲ. ನಾನು ಬೆರಳು ತೋರಿಸಿದೆ. ಕಾವಲುಗಾರರಲ್ಲಿ ದೊಡ್ಡವನು ಬಳಿ ಬಂದು ಪಿಸುಗುಟ್ಟಿದ, “ಅಣ್ಣಾ, ಅದು ಡಿಬೋರಜ್ಜಿ ಅಲ್ವಾ? ನಿನ್ನ ನಗೆನಂಟಳು. ತಮಾಷೆ ತಾನೇ?” ನಾನು ಚೆಂಡು ನೆಲಕ್ಕೆ ಕುಟ್ಟುತ್ತ, ಅವನ ಮುಖ ನೋಡದೆ ಹೇಳಿದೆ. “ಯಾರೋ ಮುದುಕಿ. ನಂಗೆ ಗೊತ್ತಿಲ್ಲ.”

ಅಜ್ಜೀ, ಇದು ನಿನಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ನೀನು ಅವರ ಕೈ ಕೊಡವಿ, ಕಡಲೆಕಾಯಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಒಮ್ಮೆಯೂ ತಿರುಗದೆ ಮೆಟ್ಟಿಲು ಹತ್ತಿಹೋದೆ. ಕೇಳಿಸಿರದಿದ್ದರೆ ಇದೋ, ಈಗ ಕೇಳಿಸಲಿ. ಕೇರಿಗೂ ಕೇಳಿಸಲಿ. ಸಿಟ್ಟು ಮಾಡಿದ್ದಕ್ಕೆ ನಮ್ಮಲ್ಲಿ ಪರಿಹಾರವಿದೆ, ನಾಲ್ಕು ಜನ ನಕ್ಕು ತೀರಿಸುತ್ತಾರೆ. ಗೊತ್ತಿಲ್ಲ ಎಂದದ್ದಕ್ಕೆ ಪರಿಹಾರವೇನು? ದೋಣಿ ಸೀಳಿದಾಗಲೂ ಆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಅರಿಯೆವೆನ್ನಲಿಲ್ಲ.

ನಾನು ಕ್ಷಮೆಯನ್ನೂ ಬೇಡುತ್ತಿಲ್ಲ. ಅದು ದೊಡ್ಡವರ ವ್ಯವಹಾರ. ಒಂದೇ ಒಂದು ಬೈಗುಳ ಬೇಡುತ್ತಿದ್ದೇನೆ. ನಾಯಕರೇ ಎಂಬ ಆ ಮಾತನ್ನು ಹಿಂದಕ್ಕೆ ತೆಗೆದುಕೋ. ಅದನ್ನು ಹೊತ್ತು ನಡೆಯಲು ನನ್ನ ಕಾಲಿಗೆ ಬಲವಿಲ್ಲ.

ನೀನು ಒಪ್ಪಿದರೆ ನಿನ್ನ ಜೀತದಾಳು,
ಒಪ್ಪದಿದ್ದರೆ ಯಾರೋ ಒಬ್ಬ ಉದ್ದನೆಯವನು,
ಮಲಾಂಗ್ ಸಾಂಬು

ಮರೆತ ಮಾತು: ಸಿಗಾ, ಕಾಗದ ಮಡಿಸಬೇಡ, ಇನ್ನೂ ಇದೆ. ಕೋಟಿನವನು ದುಭಾಷಿಯನ್ನು ಏನೋ ಕೇಳಿದ, ಹುಬ್ಬು ಏರಿಸಿದ ಎಂದು ಬರೆದೆ. ಸುಳ್ಳು. ಅವನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಮಡಿಲಲ್ಲಿದ್ದ ಕಾಗದದ ಪೊಟ್ಟಣದಿಂದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. ನಿನ್ನದೇ ಕಡಲೆಕಾಯಿ, ಅಜ್ಜೀ. ಹುಬ್ಬನ್ನೂ ಪ್ರಶ್ನೆಯನ್ನೂ ದುಭಾಷಿಯ ಉತ್ತರವನ್ನೂ ನಾನೇ ಕಟ್ಟಿದೆ, ನಿನ್ನನ್ನು ಹೊರಗೆ ಹಾಕಲು ನನಗೊಂದು ಕಾರಣ ಬೇಕಿತ್ತು. ಕಾಲು ನೆಲ ಬಿಡುತ್ತಿಲ್ಲ ಎಂದೆಯಲ್ಲ, ಅದು ನಿಜವಾಗಿತ್ತು. ಕೋಟಿನವನು ಇನ್ನೊಂದು ವರ್ಷಕ್ಕೆ ಕರೆದಿದ್ದಾನೆ, ನಾಳೆ ಬೆಳಗಿನ ವಿಮಾನದಲ್ಲಿ ನನಗೂ ಜಾಗ ಹಿಡಿದಿದ್ದಾನೆ. ಬರುವುದಿಲ್ಲವೆಂದು ಈಗಷ್ಟೇ ಹೇಳಿ ಬಂದೆ. ನಾಳೆ ಬೆಳಗ್ಗೆ ನೀನು ಒಲೆ ಹಚ್ಚುವ ಮೊದಲೇ ದೇಶದ ಅಂಗಿ ತೊಟ್ಟು, ಬರಿಗಾಲಲ್ಲಿ, ಪೊರಕೆ ಹಿಡಿದು ಬರುತ್ತೇನೆ. ಇಬುವಿನ ಅಂಗಡಿಯ ಮುಂದಿನಿಂದಲೇ ಬರುತ್ತೇನೆ. ಅಂಗಳ ಗುಡಿಸುತ್ತೇನೆ, ಆಮೇಲೆ ನಿನ್ನ ಕಡಲೆಕಾಯಿ ಚೀಲ ತಲೆಯ ಮೇಲೆ ಹೊತ್ತು ಮರಳಂಗಳದವರೆಗೆ ನಿನ್ನ ಹಿಂದೆ ನಡೆಯುತ್ತೇನೆ. ಆ ಕುರ್ಚಿಯನ್ನು ಮಾತ್ರ ಒಳಗಿಡಿಸು.