ಹೆರಿಗೆ ನಮ್ಮದು, ಜನಸಂಖ್ಯೆ ನದಿಯಾಚೆಯವರದು

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಜಿಲ್ಲೆಯಲ್ಲಿ ಜನ ಹುಟ್ಟುತ್ತಿಲ್ಲ, ಆದ್ದರಿಂದ ಇಲ್ಲಿನ ಕಚೇರಿಗಳನ್ನು ಒಂದೊಂದಾಗಿ ನದಿಯಾಚೆಯ ಜಿಲ್ಲೆಗೆ ಸೇರಿಸಬೇಕಾಗುತ್ತದೆ ಎಂದು ತಾವು ಸಭೆಯಲ್ಲಿ ಹೇಳಿದಿರಂತೆ. ಹುಟ್ಟುವುದಾದರೂ ಎಲ್ಲಿ ಸ್ವಾಮಿ? ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಹಾಕಿಸಿದವರು ತಾವೇ. ಹೆರಿಗೆ ಕಡಿಮೆ, ವಾರ್ಡ್ ಬೇಡ ಎಂದಿರಿ. ವಾರ್ಡ್ ಹೋದ ಮೇಲೆ ಬಸುರಿಯರೆಲ್ಲ ಸೇತುವೆ ದಾಟಿದರು, ಮಕ್ಕಳ ಜನನ ಅಲ್ಲಿಯೇ ನೋಂದಣಿಯಾಯಿತು. ಈಗ ಹೆರಿಗೆಯೇ ಇಲ್ಲ, ಇನ್ನು ಜಿಲ್ಲೆ ಏಕೆ ಎನ್ನುತ್ತೀರಿ. ಅಂಗಡಿ ಬಾಗಿಲು ಮುಚ್ಚಿ, ಗಿರಾಕಿ ಬರಲಿಲ್ಲ ಎಂದು ಅಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಸತ್ತವರ ನೋಂದಣಿ ಮಾತ್ರ ಇಲ್ಲೇ ನಡೆಯುತ್ತದೆ. ಆ ಒಂದು ವಿಷಯದಲ್ಲಿ ನಾವು ಸ್ವಾವಲಂಬಿಗಳು.

ನಾನು ಹಾಸಿಗೆ ವ್ಯಾಪಾರಿ. ಬೇರೆಯವರ ಅಂಗಡಿಯಲ್ಲಿ ಹತ್ತಿ ಹಿಂಜುತ್ತ ಬೆಳೆದು ಸ್ವಂತ ಮಳಿಗೆ ಕಟ್ಟಿದವನು. ಆ ವಾರ್ಡಿನ ಹಾಸಿಗೆಗಳನ್ನು ಹೊಲಿದುಕೊಟ್ಟವನೂ ನಾನೇ. ಬೀಗ ಬಿದ್ದ ಮೇಲೆ ಮಂಚ, ಹಾಸಿಗೆ, ತೊಟ್ಟಿಲುಗಳನ್ನು ಲಾರಿಯಲ್ಲಿ ಆಚೆಗೆ ಸಾಗಿಸಿದಿರಿ; ಹಿಂದೆಯೇ ದಾದಿಯರನ್ನೂ ಕಳಿಸಿದಿರಿ. ಇಷ್ಟು ಧಾರಾಳ ನಮ್ಮ ಮೇಲೆ ಎಂದಾದರೂ ತೋರಿಸಿದ್ದುಂಟೇ?

ಮೂರು ವರ್ಷದ ಹಿಂದೆ ಸೊಸೆಗೆ ನೋವು ಶುರುವಾದಾಗ ನಮ್ಮ ಜೀಪು ಸೇತುವೆಯ ನಡುವೆ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. "ಇಲ್ಲೇ ಹುಟ್ಟಿದ್ರೆ ಲೆಕ್ಕ ಯಾರದಪ್ಪಾ?" ಎಂದು ಡ್ರೈವರನ್ನು ಕೇಳಿದೆ. ಹಿಂದಿನ ಸೀಟಿನಿಂದ ನನ್ನ ಹೆಂಡತಿ ಕಿರುಚಿದಳು: "ಗಡಿ ಆಮೇಲೆ ಅಳೀರಿ, ಮೊದ್ಲು ಹಾರ್ನ್ ಹೊಡಿಸ್ರಿ!"

ಅಂತೂ ತಲುಪಿದೆವು. ಮೊಮ್ಮಗಳು ಅವರ ಜಿಲ್ಲೆಯಲ್ಲಿ, ನಾನು ಹೊಲಿದ ಹಾಸಿಗೆಯ ಮೇಲೆ ಹುಟ್ಟಿದಳು. ಅಂಚಿನ ಹೊಲಿಗೆ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಆ ಊರಿನಲ್ಲೇ ಇರುವ ನನ್ನ ಷಡ್ಡಕ ಹಲ್ಲು ಕಿರಿಯುತ್ತ ಬಂದ. "ಅಣ್ಣಾ, ಹಿಂಗೇ ಕಳಿಸ್ತಾ ಇರಿ. ನಿಮ್ಮವರ ದಯೆಯಿಂದ ನಮಗೆ ಇನ್ನೊಂದು ವಾರ್ಡ್ ಮಂಜೂರಾಗಿದೆ!"

ಹೊಟ್ಟೆ ಉರಿದುಹೋಯಿತು. ಇದಕ್ಕೆ ಸಾರ್ವಜನಿಕ ಹಿತಾಸಕ್ತಿ ಎಂದು ಬಣ್ಣ ಬಳಿಯುವುದಿಲ್ಲ, ಅಪ್ಪಟ ಹೊಟ್ಟೆಕಿಚ್ಚು. ಅವರ ಬೀದಿ ದೀಪ, ಅವರ ಹೊಸ ಆಂಬ್ಯುಲೆನ್ಸ್, ಸಭೆಗಳಲ್ಲಿ ಅವರ ಅಧಿಕಾರಿ ತಮಗಿಂತ ಮುಂದಿನ ಸಾಲಿನಲ್ಲಿ ಕೂರುವುದು, ಎಲ್ಲಕ್ಕೂ ನನಗೆ ಉರಿಯುತ್ತದೆ. ತಮಗೇಕೆ ಉರಿಯುವುದಿಲ್ಲ? ಬೇಕಿದ್ದರೆ ನನ್ನದರಲ್ಲೇ ಸ್ವಲ್ಪ ಕೊಡುತ್ತೇನೆ, ಬೇಕಾದಷ್ಟಿದೆ.

ಸೊಸೆಗೆ ಈಗ ಮತ್ತೆ ದಿನ ತುಂಬುತ್ತಿದೆ. ದುರಸ್ತಿಗಾಗಿ ಮುಂದಿನ ವಾರದಿಂದ ಸೇತುವೆಯ ಮೇಲೆ ರಾತ್ರಿ ಸಂಚಾರ ಬಂದ್ ಎಂಬ ತಮ್ಮ ಪ್ರಕಟಣೆ ಓದಿದೆ. ಹಗಲಿನಲ್ಲೇ ಹುಟ್ಟತಕ್ಕದ್ದು ಎಂದು ಮಗುವಿಗೂ ಒಂದು ನೋಟಿಸ್ ಜಾರಿ ಮಾಡುವಿರಾ? "ಮಾವ, ಈ ಸಲ ದಾಟೋಕೆ ಆಗ್ದಿದ್ರೆ?" ಎಂದು ಅವಳು ಕೇಳಿದಳು. ಬಾಯಿಬಡುಕನೆಂದು ಊರೆಲ್ಲ ಹೆಸರಾದ ನಾನು ಕಾಗದ ತೆಗೆದು ಈ ಪತ್ರ ಬರೆಯಲು ಕೂತೆ.

ದುರಸ್ತಿ ಶುರುವಾಗುವ ಮೊದಲು ವಾರ್ಡಿನ ಬೀಗ ತೆಗೆಸಿ, ದಾದಿಯರನ್ನು ಹಿಂದಕ್ಕೆ ಕರೆಸಿ. ಆಗುವುದಿಲ್ಲವೆಂದಾದರೆ, ತಮ್ಮ ಬಂಗಲೆಯಲ್ಲಿ ಅತಿಥಿಗಳ ಕೋಣೆ ಖಾಲಿ ಬಿದ್ದಿದೆಯೆಂದು ಕೇಳಿದ್ದೇನೆ. ರಾತ್ರಿ ನೋವು ಬಂದರೆ ನಮ್ಮ ಜೀಪು ನೇರ ಅಲ್ಲಿಗೇ ಬರುತ್ತದೆ. ನೀರು ಕಾಯಿಸಿಡಲು ಮನೆಯವರಿಗೆ ಹೇಳಿರಿ.

ಇಂತಿ,
ಹೊಟ್ಟೆಕಿಚ್ಚಿನಲ್ಲಾದರೂ ತಮ್ಮ ಜಿಲ್ಲೆಗೆ ಮೊದಲ ಸ್ಥಾನ ತಂದುಕೊಟ್ಟ
ಹಾಸಿಗೆ ಅಂಗಡಿಯವನು