ಮೊದಲು ಕಂಡವರಿಗೆ ಮಿರ್ಚಿ

ಆನೆಕೊಂಡ, ದಾವಣಗೆರೆ
12-2-2026, ಗುರುವಾರ

ಚಿ. ಸೌ. ಸುಧಾಳಿಗೆ ಅವ್ವನ ಆಶೀರ್ವಾದ.

"ಇಲ್ಲಿ ನಾವೆಲ್ಲ ಕ್ಷೇಮ" ಎಂದು ಬರೆದು ಒಂದು ಹಾಳೆ ಹರಿದು ಹಾಕಿದೆ. ಇದು ಎರಡನೆಯದು. ಇದರಲ್ಲಿ ಆ ಸಾಲು ಬಿಟ್ಟಿದ್ದೇನೆ. ಭಾನುವಾರದಿಂದ ನೀನು ದಿನಾ ಫೋನು ಮಾಡಿ "ದೋಣಿ ಹೆಂಗಿತ್ತವ್ವ, ಡಾಲ್ಫಿನ್ ಕಂಡ್ವಾ" ಎಂದು ಕೇಳುತ್ತೀ, ನಾನು "ಚೆನ್ನಾಗಿತ್ತು ಕಣೇ, ಒಲೆ ಮೇಲೆ ಸಾರೈತೆ" ಎಂದು ಇಟ್ಟುಬಿಡುತ್ತೇನೆ. ತಪ್ಪು ತಿಳಿಯಬೇಡ. ಮನೆಯಲ್ಲಿರುವುದು ಒಂದೇ ಫೋನು. ನಿನ್ನ ಹೆಸರು ಬಂದರೆ ಸಾಕು, ನಿಮ್ಮಪ್ಪ ಸ್ಪೀಕರ್ ಒತ್ತಿ ಎದುರಿಗೆ ಕೂರುತ್ತಾರೆ. ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಕೂರುವುದು ಮಾತ್ರ ಬಿಟ್ಟಿಲ್ಲ. ಅದಕ್ಕೇ ಕಾಗದ. ನಿನ್ನ ಕಾಲೇಜಿನ ಹಳೇ ಪುಸ್ತಕದ ಹಾಳೆ ಇದು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕೂತು ಓದು. ಯಾರ ಜೀವಕ್ಕೂ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ತಿಂಗಳ ಬಸುರಿಯನ್ನು ಹೆದರಿಸುವಷ್ಟು ದಡ್ಡಿಯಲ್ಲ ನಾನು.

ಆದರೆ ಒಂದು ಮಾತು ಕೊಡಬೇಕು. ಬಾಣಂತನಕ್ಕೆ ಕರೆದುಕೊಂಡು ಬರಲು ಮುಂದಿನ ವಾರ ತಾವೇ ಗಾಡಿ ತರುವುದಾಗಿ ನಿಮ್ಮಪ್ಪ ಹೇಳಿದರೆ ಬೇಡ ಎನ್ನು. ಅತ್ತರೂ ಸರಿ, ಜಗಳ ಆಡಿದರೂ ಸರಿ. ಅಳಿಯಂದಿರಿಗೆ ಹೇಳಿ ಹುಬ್ಬಳ್ಳಿಯಿಂದ ಬೆಳಗಿನ ರೈಲು ಹತ್ತು. ಯಾಕೆ ಎನ್ನುವುದನ್ನು ಬರೆಯಲಿಕ್ಕೇ ಕೂತಿದ್ದೇನೆ.

ಹೋದ ಯುಗಾದಿ ಆದ ಮೇಲೆ ನಿಮ್ಮಪ್ಪ ನನ್ನನ್ನು ಸಂಜೆ ಟ್ರಿಪ್ಪಿಗೆ ಕರೆಯಲು ಶುರು ಮಾಡಿದ್ದು ನಿನಗೆ ಗೊತ್ತೇ ಇದೆ. ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟ ಮೇಲೆ ಹನ್ನೆರಡು ಹೆಣ್ಣುಮಕ್ಕಳನ್ನು ನಮ್ಮ ಗಾಡಿಯಲ್ಲಿ ಹರಿಹರ, ಮಲೆಬೆನ್ನೂರಿನ ಕಡೆ ಬಿಟ್ಟು ಬರುವ ಟ್ರಿಪ್ಪು. "ಮುಂದಿನ ಸೀಟು ಖಾಲಿ ಇರ್ತೈತೆ, ಬಾರೇ. ಒಬ್ನೇ ಓಡ್ಸಾಕ ಬ್ಯಾಸರ" ಎಂದರು. ಆಮೇಲೆ ಪಂದ್ಯ ಬೇರೆ. ದಾರಿಯಲ್ಲಿ ಎದುರಿಗೆ ಬರುವುದನ್ನು ಮೊದಲು ಕಂಡು ಹೇಳಿದವರಿಗೆ ಒಂದು ಮಿರ್ಚಿ ಬಜ್ಜಿ. "ಎಡಕ್ಕ ಎಮ್ಮೆ." "ಅಲ್ಲಿ ಸೈಕಲ್ಲು, ದೀಪ ಇಲ್ಲ." "ಹಂಪು ಬಂತು." ದಿನಾ ನಾನೇ ಗೆಲ್ಲುತ್ತಿದ್ದೆ. ವಾಪಸು ಬರುವಾಗ ಹರಿಹರದಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ, ಮಿರ್ಚಿ ಕೊಡಿಸುತ್ತಿದ್ದರು. ಗೆದ್ದು ಗೆದ್ದು ನನ್ನ ರವಿಕೆಗಳೆಲ್ಲ ಬಿಗಿಯಾದವು. ಅದನ್ನು ಕೇಳಿ ನೀನು "ನಿಮ್ಮಿಬ್ರದೂ ಈಗ ಭಾರೀ ಜೋರೈತೆ ಬಿಡವ್ವ" ಎಂದು ನಕ್ಕು, ನಮ್ಮ ಮದುವೆಯ ದಿನಕ್ಕೆಂದು ಗೋಕರ್ಣದ ದೋಣಿ, ರೂಮು ಎಲ್ಲಾ ಬುಕ್ ಮಾಡಿ ಕಳಿಸಿದೆ. ನಿನ್ನ ತಪ್ಪೇನೂ ಇಲ್ಲ. ನೀನು ಕಳಿಸಿದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ, ಬೆಳಗ್ಗೆ ಮಾತ್ರ. ರಾತ್ರಿ ಹಾಗೆ ಅನ್ನಿಸುವುದಿಲ್ಲ.

ಶನಿವಾರ ಕೋಳಿ ಕೂಗುವ ಮೊದಲೇ ಎಬ್ಬಿಸಿ, ಬೆಳಕು ಹರಿದ ಕೂಡಲೇ ಗಾಡಿ ಹೊರಡಿಸಿದರು. ತಿಂಡಿಗೆ ನಿಲ್ಲಿಸಲೂ ಅವಸರ. ಘಾಟಿಯಲ್ಲಿ ಒಂದು ಫೋಟೋ ತೆಗೆಯೋಣ ಎಂದರೆ "ಹೊತ್ತು ಮುಳುಗೋದ್ರಾಗ ಮುಟ್ಬೇಕು" ಎಂದು ಗದರಿದರು. ಸಮುದ್ರದ ಆಸೆ ಇಷ್ಟೊಂದಿದೆಯಲ್ಲ ಈ ಮನುಷ್ಯನಿಗೆ ಎಂದುಕೊಂಡೆ.

ಸಂಜೆ ಐದೂವರೆಗೆ ದೋಣಿ ಹತ್ತಿದೆವು. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದರು. ಅದರಲ್ಲಿ ನಿಮ್ಮಪ್ಪ ತುಂಬಿದ ಗ್ಯಾಸ್ ಸಿಲಿಂಡರಿನ ಹಾಗೆ ಕಾಣುತ್ತಿದ್ದರು. ನಮ್ಮ ಜೊತೆ ಬೆಳಗಾವಿ ಕಡೆಯ ಒಂದು ಕುಟುಂಬ ಇತ್ತು. ದಡ ದೂರವಾಯಿತು. ಬಿಳಿ ಎದೆಯ ದೊಡ್ಡ ಹದ್ದೊಂದು ನೀರಿಗೆ ಕಾಲು ಹಾಕಿ ಮೀನು ಎತ್ತಿದ್ದನ್ನು ಅವರೇ ತೋರಿಸಿದರು. ಮೊದಲ ಡಾಲ್ಫಿನ್ ಕಂಡವರೂ ಅವರೇ, ಸುಧಾ. ದೂರದಲ್ಲಿ ಒಂದು ಕಪ್ಪು ಬೆನ್ನು ಎದ್ದು ಮುಳುಗಿತು. "ಲೇ ಸುನೀ, ನೋಡ್ದೇನು! ಸೋತಿ ನೀನು, ಮಿರ್ಚಿ ಕೊಡ್ಸು" ಎಂದು ಕೂತಲ್ಲೇ ಕುಣಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಖುಷಿಯಾಗಿ ನಿಮ್ಮಪ್ಪನನ್ನು ನೋಡಿ ಬಹಳ ದಿನವಾಗಿತ್ತು.

ಸೂರ್ಯ ನೀರು ಮುಟ್ಟುವಾಗ ತಳ ಚಪ್ಪಟೆಯಾಗುತ್ತದೆ, ಹೆಂಚಿಗೆ ಹುಯ್ದ ದೋಸೆ ಹಿಟ್ಟಿನ ಹಾಗೆ. ಆಮೇಲೆ ನೋಡನೋಡುತ್ತ ಇಲ್ಲ. ದೋಣಿಯವನು ಎಂಜಿನ್ ನಿಲ್ಲಿಸಿದ. ಹೊತ್ತು ಮುಳುಗಿದ ಮೇಲೇ ಡಾಲ್ಫಿನ್ ಹತ್ತಿರ ಬರುತ್ತವೆ, ಸದ್ದು ಮಾಡಬೇಡಿ ಎಂದ. ದೋಣಿಯಲ್ಲಿ ಒಂದು ದೀಪವೂ ಇಲ್ಲ. ಆಕಾಶ ಇನ್ನೂ ಕೆಂಪಗಿತ್ತು, ನನಗೆ ಎಲ್ಲರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಬಲಗಡೆಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೂರು ಡಾಲ್ಫಿನ್ ಉಸ್ಸೆಂದು ಉಸಿರು ಬಿಟ್ಟು ಎದ್ದವು. ಎಲ್ಲರೂ ಬಲಕ್ಕೆ ಬಾಗಿದರು. ನಿಮ್ಮಪ್ಪ ಮಾತ್ರ ಎಡಕ್ಕೆ ನೋಡುತ್ತ "ಆಹಾ, ಏನ್ ಚಂದ ಅದಾವು" ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ನಾನೂ ತಮಾಷೆಗೇ, ಏನೂ ಇಲ್ಲದ ಕಡೆ ಕೈ ತೋರಿಸಿ, "ಅಲ್ನೋಡ್ರಿ, ಮರಿ! ತಾಯಿ ಪಕ್ಕಕ್ಕ ಮರಿ ಐತೆ" ಎಂದೆ.

"ಹೌದ್ ಹೌದು, ನೋಡ್ದೆ ನೋಡ್ದೆ. ಸಣ್ಣದೈತೆ" ಎಂದರು.

ಅವರ ಮುಖ ನನ್ನ ಕೈ ಇದ್ದ ಕಡೆಯೂ ಇರಲಿಲ್ಲ. ನಾನು ಮೆಲ್ಲಗೆ ಅವರ ಕಣ್ಣ ಮುಂದೆ ಬೆರಳು ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ಆ ಹೊತ್ತು ನನ್ನ ಕಣ್ಣ ಮುಂದೆ ಬಂದದ್ದು ಸಮುದ್ರವಲ್ಲ, ಮಲೆಬೆನ್ನೂರಿನ ರಸ್ತೆ. ಎಮ್ಮೆ, ಸೈಕಲ್ಲು, ಹಂಪು. ಒಂದು ವರ್ಷ ಕಂಡವಳು ನಾನು, ಓಡಿಸಿದವರು ಅವರು. ಹಿಂದೆ ಹನ್ನೆರಡು ಹೆಣ್ಣುಮಕ್ಕಳು ನಿದ್ದೆ ಮಾಡುತ್ತಿದ್ದರು. ದಡಕ್ಕೆ ಬಂದಾಗ ನಿಮ್ಮಪ್ಪ ಇಳಿಯದೆ ನಿಂತರು. "ನೀ ಮುಂದ ನಡಿ" ಎಂದು ನನ್ನ ಸೆರಗು ಹಿಡಿದುಕೊಂಡರು. ಬೆಳಗಾವಿಯ ಹೆಂಗಸು "ಈ ವಯಸ್ಸಿನ್ಯಾಗೂ ಸೆರಗ ಬಿಡಾಂಗಿಲ್ಲ ನೋಡ್ರಿ ಇವ್ರು" ಎಂದು ಚೇಷ್ಟೆ ಮಾಡಿದಳು. ನಾನು ನಗಬೇಕಾಯಿತು. ನಕ್ಕೆ.

ರೂಮಿಗೆ ಬಂದು ದೀಪ ಹಾಕಿದ ಮೇಲೆ ಕೇಳಿದೆ. "ಎಷ್ಟು ದಿನ ಆತು?"

ಅವರು ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. "ವರ್ಷದ ಮ್ಯಾಲಾತು. ಹಗಲಿನ್ಯಾಗ ಎಲ್ಲಾ ಸರಿ ಐತೆ. ಸಂಜಿ ಆದ್ರ ಹೆಡ್‌ಲೈಟ್ ಬಿದ್ದಷ್ಟೇ ಕಾಣ್ತೈತೆ."

"ಡಾಕ್ಟ್ರಿಗೆ?"

"ತೋರ್ಸೀನಿ. ಇದು ಹೋಗೋದಲ್ಲ, ಕತ್ಲಾದ ಮ್ಯಾಲೆ ಗಾಡಿ ಮುಟ್ಟಬ್ಯಾಡ ಅಂದ್ರು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬಿಡ್ತಿದ್ದೇನು ನೀನು? ಗಾಡಿ ಬಿಟ್ಟು ನಾ ಏನ್ ಮಾಡ್ಲೇ, ಮನ್ಯಾಗ ಕುಂತು ಮಂಡಕ್ಕಿ ತಿನ್ಲಾ?" ಎಂದು ಮೊದಲು ರೇಗಿದರು. ಆಮೇಲೆ ನನ್ನ ಕೈ ಹಿಡಿದು, "ನೀ ಪಕ್ಕದಾಗಿದ್ರ ನನಗ ಎಲ್ಲಾ ಕಾಣ್ತೈತೆ ಸುನೀ" ಎಂದರು. ಎಷ್ಟು ಮೆತ್ತಗೆ ಹೇಳಿದರು ಗೊತ್ತಾ? ನಾನು ಕೈ ಬಿಡಿಸಿಕೊಂಡೆ.

ಭಾನುವಾರ ಬಿಸಿಲಿರುವಾಗಲೇ ಮನೆ ಸೇರಿದೆವು. ಸೋಮವಾರ ಇಡೀ ದಿನ ವಾದ. ಇನ್ನು ಮುಂದೆ ಸಂಜೆ ಬಡೇಸಾಬ್ ಓಡಿಸಲಿ, ಅವನು ಬೇರೆ ಗಾಡಿಗೆ ದಿನಗೂಲಿಗೆ ಹೋಗುವ ಡ್ರೈವರ್, ನಂಬಿಕೆಯವನು, ಬೆಳಗಿನ ಟ್ರಿಪ್ಪು ನೀವು ಮಾಡಿ ಎಂದೆ. ಕೊನೆಗೆ ಒಪ್ಪಿದರು. ಆದರೆ ಬಡೇಸಾಬ್ ಅವತ್ತು ಊರಲ್ಲಿರಲಿಲ್ಲ. "ಇವತ್ತೊಂದಿನ. ಹೆಣ್ಮಕ್ಳು ಗೇಟಿನ ಮುಂದ ಕಾಯ್ತಿರ್ತಾವು, ಕತ್ಲಾಗ ಹೆಂಗ್ ಹೋಗ್ಬೇಕು ಅವು? ನೀನಿರ್ತೀಯಲ್ಲ" ಎಂದರು. ನಾನು ಹೂಂ ಎಂದೆ. ಆ ಹೂಂ ಯಾಕೆ ನನ್ನ ಬಾಯಿಂದ ಬಂತೋ, ದೇವರೇ ಬಲ್ಲ.

ಹರಿಹರದವರೆಗೆ ಬೀದಿ ದೀಪ, ಬೆಳಕು, ಹೇಗೋ ಆಯಿತು. ಊರು ದಾಟಿದ ಮೇಲೆ ಎರಡೂ ಕಡೆ ಬರೀ ಗದ್ದೆ. ನಾನು ಕಣ್ಣು ಮಿಟುಕಿಸದೆ ಹೇಳುತ್ತಲೇ ಇದ್ದೆ. ಬಲಕ್ಕೆ ಬೈಕು. ನಿಧಾನ. ತಿರುವು ಬಂತು. ಈ ಸಲ ಅವರು ಮಿರ್ಚಿಯ ಮಾತೆತ್ತಲಿಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಲೆಬೆನ್ನೂರಿನ ಶಹಜಾದಿ ಮುಂದಕ್ಕೆ ಬಾಗಿ, "ಸುನೀತಕ್ಕ, ಸಮುದ್ರ ನೋಡ್ಕೊಂಡ್ ಬಂದ್ರಂತಲ್ರಿ, ಹೆಂಗಿತ್ರಿ?" ಎಂದು ಕೇಳಿದಳು. ಎಷ್ಟು ಪ್ರೀತಿಯಿಂದ ಕೇಳಿದಳೆಂದರೆ ನಾನು ತಿರುಗಿ ಅವಳ ಮುಖ ನೋಡಿದೆ. ಅಷ್ಟೇ ನಾನು ಮಾಡಿದ್ದು.

ಮತ್ತೆ ಮುಂದೆ ನೋಡಿದಾಗ ಗಾಜಿನ ತುಂಬ ಹುಲ್ಲು. ಹುಲ್ಲು ಹೇರಿದ ಟ್ರೇಲರು ರಸ್ತೆಯಲ್ಲೇ ನಿಂತಿದೆ, ಹಿಂದೆ ದೀಪವಿಲ್ಲ. "ರೀ!" ಎಂದು ಕಿರುಚಿದೆ, ಬೇರೆ ಮಾತು ಬರಲಿಲ್ಲ. ಬ್ರೇಕು ತುಳಿದರು. ಬುತ್ತಿ ಡಬ್ಬಿಗಳೆಲ್ಲ ಹಾರಿ ಮುಂದೆ ಬಂದವು. ಗಾಡಿ ನಿಂತಾಗ ಹುಲ್ಲಿನ ಎಳೆಗಳು ಗಾಜಿಗೆ ತಾಗುತ್ತಿದ್ದವು. ಹಿಂದೆ ಒಬ್ಬಳು ಅಳಲು ಶುರು ಮಾಡಿದಳು. ಶಹಜಾದಿಯ ಹಣೆ ಸೀಟಿನ ಕಂಬಿಗೆ ಬಡಿದು ರಕ್ತ ಬರುತ್ತಿತ್ತು.

ನಾನು ಕೈ ಚಾಚಿ ಕೀ ತೆಗೆದುಕೊಂಡೆ. "ನಡುದಾರ್ಯಾಗ ಏನ್ ನಾಟಕ ಇದು, ಕೊಡಿಲ್ಲಿ" ಎಂದರು. ಕೊಡಲಿಲ್ಲ. ಕೆಳಗಿಳಿದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇವರಿಗೆ ಹೊತ್ತು ಮುಳುಗಿದ ಮ್ಯಾಲೆ ಕಣ್ಣು ಕಾಣಂಗಿಲ್ರವ್ವ. ಇನ್ನ ಈ ಗಾಡಿ ಇವರ ಕೈಯಾಗ ಕದಲಂಗಿಲ್ಲ."

ನಿಮ್ಮಪ್ಪ ಸ್ಟೇರಿಂಗ್ ಹಿಡಿದುಕೊಂಡೇ ತಲೆ ತಗ್ಗಿಸಿದರು. ಇಪ್ಪತ್ತೆಂಟು ವರ್ಷದಿಂದ "ಕೊಟ್ರೇಶಣ್ಣನ ಗಾಡಿ ಅಂದ್ರ ಮನಿ ಇದ್ದಂಗ" ಎನ್ನಿಸಿಕೊಂಡ ಮನುಷ್ಯ. ಅದನ್ನು ನೋಡಿ ಅಯ್ಯೋ ಎನ್ನಿಸಿತು. ಆದರೂ ಕೀ ಕೊಡಲಿಲ್ಲ.

ಶಹಜಾದಿ ದುಪಟ್ಟಾ ಹಣೆಗೆ ಒತ್ತಿಕೊಂಡು, "ಅಕ್ಕಾ, ನಿಮಗ ಮೊದ್ಲೇ ಗೊತ್ತಿತ್ತೇನ್ರಿ?" ಎಂದಳು.

"ಶನಿವಾರದಿಂದ ಗೊತ್ತಿತ್ತವ್ವ" ಎಂದೆ. ಅವಳು ಮುಖ ತಿರುಗಿಸಿ ಮನೆಗೆ ಫೋನು ಹಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಅಣ್ಣ ಹಮ್ಜಾ ಬಂದು ಎಲ್ಲರನ್ನೂ ಅದೇ ಗಾಡಿಯಲ್ಲಿ ಮನೆ ಮುಟ್ಟಿಸಿ, ನಮ್ಮನ್ನೂ ದಾವಣಗೆರೆಗೆ ಕರೆತಂದು ಬಿಟ್ಟ. ಹರಿಹರದ ಮಿರ್ಚಿ ಅಂಗಡಿ ಬಂದಾಗ ನಿಮ್ಮಪ್ಪ ಆಚೆ ಮುಖ ಮಾಡಿದರು. ನಿನ್ನೆ ಶಹಜಾದಿಯ ಮನೆಗೆ ಹೋಗಿ ಬಂದೆ. ಮೂರು ಹೊಲಿಗೆ ಬಿದ್ದಿವೆ. ಅವಳ ತಾಯಿ ಚಹ ಕೊಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಈಗ ಎರಡು ದಿನದಿಂದ ಸಂಜೆ ಬಡೇಸಾಬ್ ಓಡಿಸುತ್ತಿದ್ದಾನೆ. ಬೆಳಗ್ಗೆ ನಿಮ್ಮಪ್ಪನೇ. ಬಂದ ಕೂಡಲೇ ಕೀ ನನ್ನ ಕೈಗೆ ಕೊಡಬೇಕು, ಮಾತಿಲ್ಲದೆ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಇನ್ನೊಂದು ಕೀ ಎಲ್ಲೋ ಇಟ್ಟಿದ್ದಾರೆ, ಹುಡುಕಿದೆ, ಸಿಕ್ಕಿಲ್ಲ. ಮಗಳು ಕರೆದರೆ ಕತ್ತಲಲ್ಲಿ ಹುಬ್ಬಳ್ಳಿಗೆ ಹೊರಡಲೂ ಹಿಂಜರಿಯದ ಮನುಷ್ಯ. ಅದಕ್ಕೇ ನಿನ್ನನ್ನು ಕಾಡುತ್ತಿದ್ದೇನೆ. ನೀನು ಬಂದ ಮೇಲೆ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ನನ್ನ ಮಾತಿಗಿಂತ ನಿನ್ನ ಮಾತು ಕೇಳುತ್ತಾರೆ. ಬೈಯಬೇಡ ಪಾಪ. ಬೈಯುವುದನ್ನೆಲ್ಲ ನಾನು ಬೈದು ಮುಗಿಸಿದ್ದೇನೆ.

ಹುಷಾರಾಗಿರು. ಹಾಲು ಕುಡಿಯುವುದು ತಪ್ಪಿಸಬೇಡ, ಎಡ ಮಗ್ಗುಲಲ್ಲೇ ಮಲಗು. ಅಳಿಯಂದಿರಿಗೆ ಕೇಳಿದೆ ಎಂದು ಹೇಳು. ನಿನ್ನ ಹೊಟ್ಟೆಯಲ್ಲಿರುವ ಕೂಸು ಹಗಲು ರಾತ್ರಿ ಎರಡನ್ನೂ ಕಣ್ತುಂಬ ಕಂಡು ನೂರು ವರ್ಷ ಬಾಳಲಿ.

ನಿನ್ನ ಅವ್ವ,
ಸುನೀತಾ

ಮರೆತಿದ್ದೆ: ಈಗ ಬರೆಯುವುದನ್ನು ಮಾತ್ರ ನಿಮ್ಮಪ್ಪನ ಹತ್ತಿರ ಎತ್ತಬೇಡ, ಓದಿ ಸುಮ್ಮನಿರು. ಅವರು ಮಾತು ಬಿಟ್ಟದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ, ಎರಡು ದಿನ ಹೋದರೆ ಹಸಿವಾಗಿ ತಾವೇ ಮಾತಾಡುತ್ತಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದ್ದು ಅದೊಂದೇ ವರ್ಷ. ನನ್ನ ಮಾತು ಬೇಕಾಗಿ ಕರೆದರು ಎಂದುಕೊಂಡಿದ್ದೆ. ದಿನಾ ಸಂಜೆ ಸೀರೆ ಬದಲಿಸಿ, ಒಂದು ಮೊಳ ಮಲ್ಲಿಗೆ ಮುಡಿದು ಹತ್ತುತ್ತಿದ್ದೆ. ಒಂದು ದಿನವೂ ಹೂವಿನ ಬಗ್ಗೆ ಅವರು ಏನೂ ಅನ್ನಲಿಲ್ಲ. ಪಾಪ, ಕತ್ತಲಲ್ಲಿ ಕಂಡಿರಲಿಕ್ಕಿಲ್ಲ ಎಂದು ಈ ನಾಲ್ಕು ದಿನ ಸಮಾಧಾನ ಹೇಳಿಕೊಂಡೆ. ಆದರೆ ಮಲ್ಲಿಗೆಯ ವಾಸನೆಗೆ ಕಣ್ಣು ಬೇಕಾಗಿರಲಿಲ್ಲವಲ್ಲ, ಸುಧಾ.